ಬೀಗರಾಗಬೇಕಾದವರ ಕಾರಿನ ಬೋಲ್ಟು

"ಹಲೋ... ಯಾರು ಮಾತಾಡುವುದು? ಲಿಡ್ವಿನ್ ಅವರಾ? ಕಾರ್ಕಳದ ಗ್ಯಾರೇಜಿನ ಲಿಡ್ವಿನ್ ಅಲ್ವಾ?"

...

"ನಾನು ಹೂಡೆಯಿಂದ ಕೂಸಪ್ಪ. ಬೋಟಿನ ಇಂಜಿನ್ ರಿಪೇರಿ ಮಾಡುವವ. ನಿಮ್ಮ ನಂಬರ್ ದೇಜಪ್ಪ ಮಾಸ್ಟ್ರ ಕಾರಿನ ಗ್ಲಾಸಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಸಿಕ್ಕಿತು."

ಕೂಸಪ್ಪ ನಿಂತದ್ದು ತನ್ನದೇ ಮನೆಯ ಬಚ್ಚಲಿನಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ಮೂವತ್ತು ವರ್ಷ ಕಡಲಿಗೆ ಹೆದರದವನು ಈಗ ಚಾವಡಿಗೆ ಹೆದರಿದ್ದ. ಅಲ್ಲಿ ಮಗಳು ಯಶ್ಮಿತಾಳನ್ನು ನೋಡಲು ಬಂದ ಗಂಡು ಹರ್ಷಿತ, ಅವನ ಅಪ್ಪ ದೇಜಪ್ಪ ಮಾಸ್ಟ್ರು ಮತ್ತು ಮನೆಯವರು ಮೂರನೆಯ ಸಲ ಚಹಾ ಕುಡಿಯುತ್ತಿದ್ದರು.

...

"ಇಲ್ಲ, ಇಲ್ಲ, ಆಕ್ಸಿಡೆಂಟ್ ಎಂತ ಇಲ್ಲ. ಒಂದು ಬೋಲ್ಟ್ ಮಾರಾಯ್ರೆ. ವಾಟರ್ ಪಂಪಿನದ್ದು. ತಲೆ ತುಂಡಾಗಿದೆ, ಮುಂಡ ಒಳಗೆ ಉಂಟು. ನೀರೆಲ್ಲ ಹೋಗಿ ಆಯಿತು. ಕಾರೂ ಅಲುಗಾಡುವ ಹಾಗಿಲ್ಲ, ಬಂದವರೂ ಅಲುಗಾಡುವ ಹಾಗಿಲ್ಲ."

...

"ಯಾರು ಮುರಿದದ್ದು ಅಂದರೆ... ಅಡಿಯಲ್ಲಿ ನಾಲ್ಕು ಹನಿ ನೀರು ಕಂಡಿತು. ನಾನು ಸ್ವಲ್ಪ ಟೈಟ್ ಮಾಡಿದೆ."

...

"ಸ್ಪ್ಯಾನರಿನಲ್ಲೇ! ಹಾಂ... ಸ್ಪ್ಯಾನರಿಗೆ ಒಂದು ಪೈಪ್ ಸಿಕ್ಕಿಸಿ. ಮೂರು ಫೂಟಿನದ್ದು. ಬೋಟಿನಲ್ಲಿ ನಾವು ಹಾಗೆಯೇ ಅಲ್ವಾ? ಇಬ್ಬರು ನೇತಾಡಿದರೂ ಅಲ್ಲಿ ಎಂತ ಆಗುವುದಿಲ್ಲ... ಬೈಯಿರಿ, ಬೈಯಿರಿ. ಮೆಲ್ಲ ಬೈಯಿರಿ, ಹೊರಗೆ ಕೇಳುತ್ತದೆ."

...

"ಉಳಿ ಇಟ್ಟು ಹೊಡೆದಾಯಿತು. ಡೀಸೆಲ್ ಬಿಟ್ಟಾಯಿತು... ಎಂತ? ಮೇಲೆ ನಟ್ ಇಟ್ಟು ವೆಲ್ಡಿಂಗಾ? ಬಿಸಿ ಇರುವಾಗಲೇ ತಿರುಗಿಸುವುದಾ? ನೀವೇ ಬನ್ನಿ ಮಾರಾಯ್ರೆ... ಬರ್ತೀರಾ? ದೇವರು ನಿಮಗೆ ಒಳ್ಳೆಯದು ಮಾಡಲಿ!"

ಬೋಲ್ಟು ಸಡಿಲವಾಗುವ ಮೊದಲೇ ಕೂಸಪ್ಪನ ಉಸಿರು ಸಡಿಲವಾಯಿತು. ಆದರೆ ಅವನು ಫೋನ್ ಇಡಲಿಲ್ಲ.

"ಇನ್ನೊಂದು ಸಣ್ಣ ವಿಷಯ... ಅದನ್ನು ಮುರಿದದ್ದು ನೀವು ಅಂತ ನಾನು ಹೇಳಿದ್ದೇನೆ."

...

"ಹಲೋ? ಇದ್ದೀರಾ?... ಹಿಂದಿನ ಸರ್ವಿಸಿನಲ್ಲೇ ಮುರಿದು, ಅಂಟು ಹಾಕಿ ನಿಲ್ಲಿಸಿದ್ದಾರೆ, ನಾನು ಮುಟ್ಟಿದ್ದಷ್ಟೇ ಅಂತ ಬಾಯಿಗೆ ಬಂದುಬಿಟ್ಟಿತು. ಎಂತ ಮಾಡುವುದು? ಮಾಸ್ಟ್ರು ಚಪ್ಪಲಿ ಬಿಡುವಾಗಲೇ ಹೇಳಿದ್ದು, ನಮಗೆ ಬಂಗಾರ ಬೇಡ, ಏನೂ ಬೇಡ, ಸುಳ್ಳು ಹೇಳದ ಮನೆ ಆದರೆ ಸಾಕು ಅಂತ."

...

"ನಿಮ್ಮ ಹೆಸರು ಹಾಳಾಗುತ್ತದೆ, ಗೊತ್ತುಂಟು. ನಿಶ್ಚಿತಾರ್ಥದವರೆಗೆ ಮಾತ್ರ! ಆಮೇಲೆ ನಾನೇ ಹೋಗಿ ಮಾಸ್ಟ್ರ ಕಾಲಿಗೆ ಬೀಳುತ್ತೇನೆ. ಒಂಬತ್ತು ಹುಡುಗರನ್ನು ಬೇಡ ಅಂದವಳು ಮಾರಾಯ್ರೆ ನನ್ನ ಮಗಳು, ಈ ಹರ್ಷಿತನಿಗೆ ಊಟಕ್ಕೆ ತಾನಾಗಿ ಎರಡನೇ ಬಂಗುಡೆ ಮೀನು ಬಡಿಸಿದ್ದಾಳೆ. ಬೋಲ್ಟಿನ ತಲೆ ಹೋಯಿತು, ನನ್ನದಾದರೂ ಉಳಿಸಿ."

ಬಚ್ಚಲಿನ ಬಾಗಿಲು ದಡದಡ ಎಂದಿತು.

"ಬಂದೆ ಅಮ್ಮಣ್ಣಿ! ಹೊಟ್ಟೆ ಸರಿ ಇಲ್ಲ ಅಂತ ಹೇಳು ಅವರಿಗೆ!... ನನ್ನ ಹೆಂಡತಿ. ನೀವು ಹೇಳಿ, ಒಪ್ಪಿದಿರಿ ಅಲ್ವಾ?"

...

"ಯೋಚನೆ ಮಾಡಬೇಕಾ? ಇದರಲ್ಲಿ ಯೋಚನೆ ಎಂತ... ಹಾಂ? ಬೇರೆ ಕಾಲ್ ಬರ್ತಾ ಉಂಟಾ? ಬಿಡಿ ಅದನ್ನು. ಯಾರದ್ದು?"

ಕೇಳುತ್ತಲೇ ಕೂಸಪ್ಪ ಬಚ್ಚಲಿನ ಕಿಂಡಿಯಿಂದ ಇಣುಕಿದ. ಅಂಗಳದಲ್ಲಿ, ತೆರೆದ ಬಾನೆಟ್ಟಿನ ಪಕ್ಕ, ದೇಜಪ್ಪ ಮಾಸ್ಟ್ರು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು.

"ತೆಗೆಯಬೇಡಿ! ಲಿಡ್ವಿನ್, ತೆಗೆಯಬೇಡಿ... ತೆಗೆಯಲೇಬೇಕಾ? ಹಾಗಾದರೆ ಒಂದು ಹೇಳಿ ಹೋಗಿ, ಅವರಿಗೆ ಎಂತ ಹೇಳ್ತೀರಿ? ಯಾರು ಮುರಿದದ್ದು ಅಂತ... ಹಲೋ?... ಹಲೋ?"

ಲೈನು ಕಡಿದುಹೋಯಿತು. ಅಂಗಳದಲ್ಲಿ ಮಾಸ್ಟ್ರ ತುಟಿ ಅಲುಗಾಡತೊಡಗಿತು.