ದಿನಕ್ಕೊಂದು ಹಲ್ಲು

ಶವಾಗಾರದ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು: ಬೆಳಿಗ್ಗೆಯಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸು, ಆತನ ಜೊತೆ ವಿಜ್ಞಾನ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್. ಇಬ್ಬರ ಕಣ್ಣೂ ಒಣಗಿದ್ದವು.

“ಭೂಮಿ ತಿರುಗಿಸಿದ್ರಾ?”

“ಇಲ್ಲ ಅಕ್ಕ. ಅಣ್ಣ ಆಸ್ಪತ್ರೆ ಸೇರಿದ ಮೇಲೆ ಗ್ರಹಗಳ ಮಾಡೆಲ್‌ಗೆ ಯಾರೂ ಕೈ ಹಾಕಿಲ್ಲ. ಇನ್ನೂ ಹದಿಮೂರನೇ ತಾರೀಖಲ್ಲೇ ನಿಂತಿದೆ.”

“ಇವತ್ತು ಹದಿನೇಳು.”

“ಹೌದು. ಭೂಮಿ ಚಕ್ರಕ್ಕೆ ದಿನಕ್ಕೊಂದು ಹಲ್ಲು. ನಾಲ್ಕು ಹಲ್ಲು ಹಿಂದಿದೆ.”

“ಒಂದು ದಿನ ತಪ್ಪಿದ್ರೂ ನಿಮಗೆಲ್ಲ ಬೈದು ನೀರಿಳಿಸ್ತಿದ್ರು.”

“ಹ್ಞೂಂ.”

“ಬೇರೆ ಗ್ರಹಗಳು?”

“ಭೂಮಿ ತಿರುಗಿಸಿದ್ರೆ ಅವೂ ಜೊತೇಲೇ ಸರೀತವೆ. ಶನಿ ಸರಿದಿದ್ದು ಮಾತ್ರ ಕಣ್ಣಿಗೇ ಕಾಣಲ್ಲ.”

“ನೋಡೋಕೆ ಬಂದೋರು ಕೇಳಲಿಲ್ವಾ?”

“ನೂರಾರು ಜನ ಬಂದುಹೋದ್ರು. ಒಬ್ರಿಗೂ ಗೊತ್ತಾಗಲಿಲ್ಲ.”

ಗುಮಾಸ್ತ ಕಿಟಕಿಯಿಂದ ಆಕೆಯನ್ನು ಸಹಿಗೆ ಕರೆದ. ಇಬ್ಬರೂ ಎದ್ದರು.

“ಸಂಜೆ ಹೋಗಿ ತಿರುಗಿಸಿಬಿಡ್ತೀನಿ, ಅಕ್ಕ.”

ಆಕೆ ನಡೆಯುತ್ತಲೇ ಹೇಳಿದರು:

“ನಾಲ್ಕೂ ಒಟ್ಟಿಗೆ ಬೇಡ. ಒಂದೊಂದೇ ತಿರುಗಿಸಿ. ಹದಿನೈದಕ್ಕೆ ಬಂದಾಗ ಸ್ವಲ್ಪ ಹೊತ್ತು ನಿಲ್ಲಿಸಿ. ಅವತ್ತು ಕಣ್ಣು ಬಿಟ್ಟು ನನ್ನ ಗುರುತು ಹಿಡಿದಿದ್ರು.”