ಗುಡ್ಡಪ್ಪ ಮಾವನ ಪಾಳಿ

ಇನ್ನಷ್ಟು ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ನಮ್ಮ ದೇವಿಕಾಗೆ ಆದದ್ದು... ನನ್ನ ಸ್ವಂತ ಚಿಕ್ಕಮ್ಮನ ಮಗಳಿಗೆ.

ಅವತ್ತು ಕಂಪ್ಲಿ ಕಡೆಯ ಕೊನೇ ಬಸ್ಸು ಅವಳನ್ನು ಬುಕ್ಕಸಾಗರದ ದಾರಿಯಲ್ಲಿ ಇಳಿಸಿ ಹೋಯಿತು. ಊರಿಗೆ ಗದ್ದೆಯ ಬದುವಿನ ಮೇಲೆ ನಡೆಯಬೇಕು. ನಡುವೆ ಹಳೇ ಬಾವಿ... ಕಟ್ಟೆಯಿಲ್ಲದ್ದು. ಹೊಸಪೇಟೆಯಲ್ಲೇ ಉಳಿದು ಬೆಳಿಗ್ಗೆ ಬರಬಹುದಿತ್ತು. ಆದರೆ ಮರುದಿನ, ತೀರಿಕೊಂಡ ಗುಡ್ಡಪ್ಪ ಮಾವನ ವರ್ಷದ ಎಡೆ. ತಡವಾಗಿ ಬಂದರೆ ಅತ್ತೆ ಏನಂದುಕೊಂಡಾಳೋ ಎಂಬ ಅಳುಕು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಹಾಗೆ.

ಯಾಕೆ ಅಂತೀರಾ?

ದೇವಿಕಾ ಓದಿದ್ದು ಮಿದುಳಿನ ವಿಷಯ. ಮಿದುಳಿನ ಆಳದಲ್ಲಿ ಚಿಟಿಕೆಯಷ್ಟು ನರಕೋಶಗಳಿವೆಯಂತೆ, ನಮ್ಮನ್ನು ಎಚ್ಚರವಾಗಿ ಇಡುವುದು ಅವೇ. ಇನ್ನೊಂದು ಗುಂಪು ಅವುಗಳ ಬಾಯಿ ಮುಚ್ಚಿಸಿದಾಗ ನಿದ್ದೆ. ಬೆಂಗಳೂರಿನ ಲ್ಯಾಬಿನಲ್ಲಿ ಇಲಿಯ ತಲೆಯೊಳಗೆ ಕೂದಲೆಳೆಯಷ್ಟು ಬೆಳಕು ಬಿಟ್ಟು ಆ ಕೋಶಗಳನ್ನು ಕೆಣಕುತ್ತಿದ್ದಳು. ಮಲಗಿದ್ದ ಇಲಿ ತಟ್ಟನೆ ಎದ್ದು ಕೂರುತ್ತಿತ್ತು. ಇಲಿ ಸಾಕಾಯಿತೋ ಏನೋ... ಜೀವಮಾನವೆಲ್ಲ ರಾತ್ರಿ ಕಾವಲು ಕಾದ ಮನುಷ್ಯನ ಮಿದುಳು ಹೇಗಿರುತ್ತದೆ ಎಂದು ನೋಡುವ ಆಸೆ ಹುಟ್ಟಿತು. ಮನೆಯಲ್ಲೇ ಇದ್ದನಲ್ಲ, ಗುಡ್ಡಪ್ಪ ಮಾವ.

ಹಂದಿ, ಕರಡಿ ನುಗ್ಗದಂತೆ ಗದ್ದೆಯ ಅಟ್ಟದ ಮೇಲೆ ಕೂತು ಡಬ್ಬಿ ಬಡಿಯುವುದು ಅವನ ಕೆಲಸ. ಎಚ್ಚರ, ನಿದ್ದೆ ಎರಡನ್ನೂ ಗೆರೆಯಾಗಿ ಬರೆದಿಡುವ ಪಟ್ಟಿಯೊಂದನ್ನು ತಲೆಗೆ ಕಟ್ಟುತ್ತೇನೆ ಅಂದಾಗ ನಕ್ಕಿದ್ದ. "ಕಟ್ಟವ್ವ. ಒಳಗ ಏನರ ಐತೇನು ನೋಡಿ ಹೇಳು. ನಿಮ್ಮತ್ತಿ ಖಾಲಿ ಅಂತಾಳ."

ನಮ್ಮ ಕಡೆ ಕಾವಲಿಗೊಂದು ಪದ್ಧತಿ ಉಂಟು. ಒಂದು ಅಟ್ಟದವನು "ಎಚ್ಚರಾ...?" ಅಂತ ಕೂಗಬೇಕು, ಆಚೆ ಅಟ್ಟದವನು "ಎಚ್ಚರಾ!" ಅಂತ ಉತ್ತರ ಕೊಡಬೇಕು. ಮೂರು ಸಲ ಕೂಗಿದರೂ ಉತ್ತರ ಬರದಿದ್ದರೆ ಅಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಇಳಿದು ಹೋಗಿ ನೋಡಲೇಬೇಕು.

ಈ ಕೂಗಿನಿಂದ ಪರೀಕ್ಷೆ ಕೆಡುತ್ತದೆ ಅನ್ನಿಸಿತು ದೇವಿಕಾಗೆ. ಮಾವನಿಗೆ ಗೊತ್ತಾಗದಂತೆ ಆಚೆ ಅಟ್ಟದ ಹೊನ್ನೂರುಸ್ವಾಮಿಯ ಹತ್ತಿರ ಹೋದಳು. "ಇವತ್ತೊಂದ ರಾತ್ರಿ ಬಾಯಿ ಬಿಡಬ್ಯಾಡ್ರಿ ಅಣ್ಣಾ. ಮಾವ ಕೂಗಿದ್ರೂ ಸುಮ್ನಿರ್ರಿ. ಅವನ ಮಿದುಳು ತಾನ ಯಾವಾಗ ಮಲಗತೈತಿ ನೋಡ್ಬೇಕು."

ಬೆಳಿಗ್ಗೆ ಮಾವನ ಹೆಣ ಬಾವಿಯಲ್ಲಿತ್ತು. ದಾರಿಗೆ ಹಿಡಿಯುವ ಬ್ಯಾಟರಿ ಅಟ್ಟದ ಮೇಲೇ ಇತ್ತು.

ಹೊನ್ನೂರುಸ್ವಾಮಿ ಅವಳನ್ನು ಗೋಡೆಯ ಮರೆಗೆ ಕರೆದು ಪಿಸುಗುಟ್ಟಿದ. "ಮೂರು ಸಲ ಕೂಗಿದ, ತಂಗಿ... ನೀ ಹೇಳಿದ್ದಿ ಅಂತ ನಾ ಬಾಯಿ ಮುಚ್ಕೊಂಡು ಕುಂತೆ. ಕರಡಿ ನನ್ನ ಹಿಡೀತು ಅಂತ ತಿಳಿದು ಓಡಿ ಬರ್ತಿದ್ದ..." ಆಮೇಲೆ ಅವನು ಊರಲ್ಲಿ ನಿಲ್ಲಲಿಲ್ಲ. ಸಂಡೂರಿನ ಕಡೆ ಅದಿರಿನ ಲಾರಿ ಹತ್ತಿಬಿಟ್ಟ.

ಊರು ಮಾತ್ರ ಬೇರೆಯೇ ಮಾತಾಡಿತು. ಕಾಯುವವನೇ ತೂಕಡಿಸಿ ಬಾವಿಗೆ ಬಿದ್ದ ಅಂತ. ಕಾವಲಲ್ಲಿ ಒಂದು ದಿನವೂ ಕಣ್ಣು ಮುಚ್ಚದ ಮನುಷ್ಯನಿಗೆ ಸತ್ತ ಮೇಲೆ ಈ ಹೆಸರು! ಪಟ್ಟಿಯ ಗೆರೆಗಳನ್ನು ದೇವಿಕಾ ನೋಡಿದ್ದಳು. ಮಾವ ಕೊನೆಯವರೆಗೂ ಎಚ್ಚರವಾಗಿದ್ದ. ಹೇಳಿದರೆ ತನ್ನ ತಪ್ಪೂ ಹೇಳಬೇಕು... ಬಾಯಿ ಹೊಲಿದುಕೊಂಡು ಕೂತಳು.

ವರ್ಷ ಕಳೆದು ಈಗ, ಬಸ್ಸಿಳಿದ ಆ ರಾತ್ರಿ, ದೇವಿಕಾ ಅದೇ ಬಾವಿಯ ಹತ್ತಿರ ಬಂದಳು. ಕಪ್ಪೆಗಳು ವಟಗುಟ್ಟುತ್ತಿದ್ದವು. ಒಮ್ಮೆಗೇ ನಿಂತವು.

ಡಣ್... ಡಣ್...

ಡಬ್ಬಿಯ ಸದ್ದು. ಯಾರೋ ಹೊಸ ಕಾವಲಿನವನು ಇರಬೇಕು ಅಂದುಕೊಂಡಳು. ಆಮೇಲೆ ನೆನಪಾಯಿತು, ಈ ಸಲ ಅತ್ತೆ ಗದ್ದೆ ನಾಟಿಯನ್ನೇ ಮಾಡಿಸಿಲ್ಲ. ಬೀಳು ನೆಲ. ಕಾಯುವುದಕ್ಕೆ ಅಲ್ಲಿ ಏನಿದೆ?

"ಎಚ್ಚರಾ...?"

ಅದೇ ದನಿ. ಕೊನೆಯಲ್ಲಿ ಸ್ವಲ್ಪ ಸೀಳುವ ದನಿ.

"ಎಚ್ಚರಾ...?"

ಓಡಬೇಕು. ಆಗುತ್ತಿಲ್ಲ.

"ಎಚ್ಚರಾ...?" ಮೂರನೆಯದು. ಈಗ ದನಿಯಲ್ಲಿ ಗಾಬರಿಯಿತ್ತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಏಣಿಯ ಮೆಟ್ಟಿಲು... ಕಿರ್ರ್. ಇನ್ನೊಂದು... ಕಿರ್ರ್. ಚಪ್ಪಲಿಯ ಸದ್ದು. ಚಪ್, ಚಪ್, ಚಪ್... ಬಾವಿಯ ಕಡೆಗೆ. ಜೋರಾಗಿ, ಓಡಿ ಬರುವ ಹಾಗೆ.

"ಎಚ್ಚರಾ!" ದೇವಿಕಾ ಕಿರುಚಿದಳು. "ಎಚ್ಚರ ಅದೀನಿ ಮಾವಾ! ಬರಬ್ಯಾಡ! ಅಲ್ಲೇ ನಿಲ್ಲು!"

ಸದ್ದು ನಿಂತಿತು. ಬಾವಿಯ ಆಚೆ ದಂಡೆಯಲ್ಲೇ ನಿಂತಿತು. ಉಬ್ಬಸದ ಉಸಿರು ಕೇಳಿಸುತ್ತಿತ್ತು. ಆಮೇಲೆ ಮೆಲ್ಲಗೆ, "ನೀನೇನವ್ವ... ಹೊತ್ತಾತು. ಜಲ್ದಿ ಮನಿಗೆ ಹೋಗು."

ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಆ ಮಾತನ್ನು ತಾಳಲಾಗಲಿಲ್ಲ. ಅಳುತ್ತಲೇ ಮನೆ ಸೇರಿದಳು.

ಉಚ್ಚೆಂಗಮ್ಮ ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು. ದೇವಿಕಾ ಅಲ್ಲೇ ಕುಸಿದು ಎಲ್ಲವನ್ನೂ ಹೇಳಿದಳು. ಹೊನ್ನೂರುಸ್ವಾಮಿಗೆ ಹೇಳಿದ್ದು, ಮೂರು ಕೂಗು, ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದು.

"ನಾನೂ ನಂಬಿದ್ನಲ್ಲವ್ವ," ಅಂದಳು ಅತ್ತೆ. "ತೂಕಡಿಸಿ ಬಿದ್ದ ಅಂತ... ನಾನೂ ಅವನ್ನ ಬೈದ್ನಲ್ಲ."

"ತಪ್ಪಾತು ಅತ್ತಿ..."

"ಆತು. ದೊಡ್ಡ ತಪ್ಪಾತು." ಅತ್ತೆಯ ದನಿ ಮೆತ್ತಗಾಗಲಿಲ್ಲ. "ನಾಳೆ ಎಡಿ ಮುಂದ, ಮಂದಿ ಮುಂದ ಹೇಳು."

"ಹೇಳ್ತೀನಿ."

ಅತ್ತೆ ಕತ್ತಲಿಗೆ ಕಿವಿಗೊಟ್ಟಳು. "ನಿಮ್ಮ ಮಾವ ದಿನಾ ರಾತ್ರಿ ಕೂಗ್ತಾನ. ಯಾಕ ಅಂತ ತಿಳೀದ ನಾನ ಇಲ್ಲಿಂದ ಉತ್ತರ ಕೊಡ್ತಿದ್ದೆ. ಇವತ್ತ ಅಂವ ನನ್ನ ಕೂಗಲಿಲ್ಲ, ನಿನ್ನ ಕೂಗ್ಯಾನ." ಎದ್ದು ಕಂಬಳಿ ಎಳೆದುಕೊಂಡಳು. "ನಿಂದು ಪಾಳಿ ಇನ್ನ. ನಾ ಮಕ್ಕೊಂತೀನಿ."

ಗೋಡೆಗೆ ಮುಖ ಮಾಡಿ ಮಲಗಿದಳು. ಗಳಿಗೆಯಲ್ಲೇ ಗೊರಕೆ.

ಮರುದಿನ ಎಡೆಯ ಮುಂದೆ ದೇವಿಕಾ ಎಲ್ಲರೆದುರು ಹೇಳಿದಳು. ನಾನೂ ಅಲ್ಲಿದ್ದೆ. ಆಮೇಲೆ ಮಾವ ತೂಕಡಿಸಿ ಬಿದ್ದ ಅನ್ನುವ ಮಾತನ್ನು ಯಾರೂ ಆಡಿಲ್ಲ. ಬಾವಿಗೂ ಕಟ್ಟೆ ಕಟ್ಟಿಸಿದರು.

ಹುಲಿಗೆಮ್ಮನ ಆಣೆ, ಇದರಲ್ಲಿ ನನ್ನದು ಒಂದು ಅಕ್ಷರ ಸೇರಿಲ್ಲ. ಬೆಂಗಳೂರಿಗೆ ಹೋದ ಮೇಲೆ ದೇವಿಕಾ ಆ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಮಲಗಿ ನೋಡಿದಳು. ಗೆರೆಗಳ ಪ್ರಕಾರ ಗಾಢ ನಿದ್ದೆ, ರಾತ್ರಿಯಿಡೀ. ಆದರೂ ನಿದ್ದೆಯಲ್ಲೇ "ಎಚ್ಚರಾ!" ಅನ್ನುತ್ತಾಳಂತೆ. ಅದಿರಲಿ, ಎಷ್ಟೋ ಜನ ನಿದ್ದೆಯಲ್ಲಿ ಬಡಬಡಿಸುತ್ತಾರೆ. ಆದರೆ ಅವಳ ರೂಮಿನಲ್ಲೇ ಇರುವ ಪೂಜಿತಾ ಅನ್ನುವ ಹುಡುಗಿಗೆ ಈ ಕತೆ ಒಂದಿಷ್ಟೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಸುಮ್ಮನೆ ಕೇಳಿದಳಂತೆ:

"ನೀನು ಕೂಗೋಕೆ ಮುಂಚೆ ದಿನಾ ಡಬ್ಬಿ ಬಡಿಯೋದು ಯಾರೇ?"