ಅತ್ತೆಯ ಮಂಚದಡಿಯ ತಂತಿ

ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ. ಟೆಲಿಫೋನ್ ಕಚೇರಿಯಲ್ಲಿ ಸರದಿ ಕಾಯುತ್ತಿದ್ದ ಮುದುಕ ದರ್ಜಿಯ ಪಕ್ಕಕ್ಕೆ, ಮೊದಲೇ ನಂಬರಿನ ಚೀಟಿ ಪಡೆದಿದ್ದ ಗಂಡ ಹೆಂಡತಿ ಬಂದು ಕುಳಿತರು. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಒಳಕೋಣೆಗೆ ಹೋಗಿರೋ ತಂತಿ ಕಿತ್ತುಹಾಕಿದ್ರೆ ನೆಟ್ ಸರಿಹೋಗುತ್ತೆ ಅಂತ ಲೈನ್‌ಮನ್ ಹೇಳಿದ್ನಲ್ಲಾ. ಮತ್ತೆ ಇಲ್ಲಿಗ್ಯಾಕೆ ಬಂದ್ವಿ?” ಹೆಂಡತಿ ಕೇಳಿದಳು.

“ಬೇರೆ ದಾರಿ ಇದ್ಯಾ ಕೇಳೋಣ ಅಂತ.”

“ಅದು ಅತ್ತೆ ಮಂಚದಡಿ ಇರೋ ಎರಡನೇ ಫೋನಿನ ತಂತಿ, ಹಾಲ್ ಫೋನಿನ ಲೈನಿಗೇ ಸೇರಿಸಿರೋದು. ಅವರು ಯಾರಿಗೂ ಫೋನ್ ಮಾಡಿದ್ದನ್ನ ನಾನಂತೂ ಕಾಣೆ.”

“ವಯಸ್ಸಾದೋರು, ಇರ್ಲಿ ಬಿಡೇ.”

“ಬೇರೆ ಮನೆ ಹುಡುಕ್ತಿರೋದನ್ನ ನಾನು ಹೇಳಿದ್ದು ಅಕ್ಕನಿಗೊಬ್ಬಳಿಗೇ, ಅದೂ ಹಾಲ್‌ನ ಫೋನಲ್ಲಿ. ಮಾರನೇ ದಿನವೇ ಅತ್ತೆ ಅದನ್ನೇ ಎತ್ತಿ ಆಡಿದ್ರು.”

“ನನ್ನನ್ಯಾಕೆ ಹಾಗೆ ನೋಡ್ತೀಯ? ನಾನೇನು ಕದ್ದು ಕೇಳ್ಲಿ ಅಂತ ಹಾಕಿಸಿದ್ದಲ್ಲ.”

“ಓಹೋ! ಮಾವನ ಕಾಲದ ತಂತಿ ಅಂತಿದ್ರಿ, ಹಾಕಿಸಿದ್ದು ನೀವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಾ?”

ಒಳಗಿಂದ ಅವರ ನಂಬರು ಕೂಗಿದರು.

“ನಮ್ಮ ಸರದಿ ಬಂತು, ಏಳು.”

“ನೀವೇ ಹೋಗಿ. ತಂತಿ ಹಾಗೇ ಇರ್ಲಿ, ಕೀಳಿಸ್ಬೇಡಿ. ನಾನು ಅಕ್ಕನ ಮನೇಲಿರ್ತೀನಿ. ಅಲ್ಲಿಂದ ಫೋನ್ ಮಾಡ್ತೀನಿ, ತಾಯಿ ಮಗ ಇಬ್ರೂ ಕೇಳಿಸ್ಕೊಳ್ಳಿ.”

ಆ ಸೋಮವಾರ ಗಂಡನಿಗಿಂತ ಮೊದಲು ಕಚೇರಿಯ ಮೆಟ್ಟಿಲು ಇಳಿದವಳು ಅವಳೇ.